ಮೀನಳದೇವಿಯ ಕೆರೆಗಳು

ಅಹಮದಾಬಾದಿನ ಈಶಾನ್ಯದ ಅಂಚಿನಲ್ಲಿರುವ ನರೋಡಾ, 1960ರ ದಶಕದಲ್ಲಿ ಅಲ್ಲಿ ಕೈಗಾರಿಕಾ ವಸಾಹತು ತಲೆಯೆತ್ತಿದ ಬಳಿಕ, ಕಾರಖಾನೆಗಳಿಗೆ ಹೆಸರಾದ ಊರು. ಉದ್ಯೋಗವನ್ನರಸಿ ಈ ಕಡೆಗೆ ಬಂದ ನಮ್ಮಂಥವರಿಗೆ ಅದು ಹಳೆಯ ಊರೆಂಬುದೇ ಬಹುಕಾಲ ಹೊಳೆಯುವುದಿಲ್ಲ. ವಲ್ಲಭಾಚಾರ್ಯರ ಎಂಬತ್ತನಾಲ್ಕು ಬೈಠಕ್ಕುಗಳಲ್ಲಿ ಒಂದು ಇಲ್ಲಿದೆ. ಆ ಆಚಾರ್ಯರಿಗೆ ವಿಜಯನಗರದಲ್ಲಿ ಕೃಷ್ಣದೇವರಾಯನ ಸಭೆಯೊಳಗೆ ಕನಕಾಭಿಷೇಕವಾಯಿತೆಂದು ಪುಷ್ಟಿಮಾರ್ಗದವರು ಇಂದಿಗೂ ಭಕ್ತಿಯಿಂದ ಹೇಳುವುದನ್ನು ಕೇಳಿದಾಗ, ತುಂಗಭದ್ರೆಯ ದಡಕ್ಕೂ ಈ ಊರಿಗೂ ಒಂದು ನೂಲೆಳೆಯ ಸಂಬಂಧವಾದರೂ ಉಂಟೆಂದು ಮನಸ್ಸು ಹಿಗ್ಗುವುದು. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಇನ್ನೂ ಹಳೆಯ ಸಂಬಂಧವೊಂದರ ಸಂಗತಿ.

ನರೋಡಾದಿಂದ ಹಳೆಯ ನಗರದ ಕಡೆಗೆ ಬರುವ ದಾರಿಯಲ್ಲಿ ಅಸಾರವಾ ಎಂಬ ಭಾಗವುಂಟು. ಅಲ್ಲಿ ಒಂದರ ಸಮೀಪದಲ್ಲಿ ಇನ್ನೊಂದರಂತೆ ಎರಡು ಮೆಟ್ಟಿಲುಬಾವಿಗಳಿವೆ. ಒಂದು, ಬಾಯಿ ಹರೀರಳು 1499ರಲ್ಲಿ ಕಟ್ಟಿಸಿದ ದಾದಾ ಹರೀರ್ ವಾವ್. ಸಂಸ್ಕೃತ ಮತ್ತು ಅರಬ್ಬೀ ಶಾಸನಗಳೆರಡನ್ನೂ ಅದು ಹೊತ್ತು ನಿಂತಿದೆ. ಮತ್ತೊಂದು ಮಾತಾ ಭವಾನಿಯ ವಾವ್. ಶಿಲ್ಪದ ರೀತಿಯನ್ನು ನೋಡಿ ವಿದ್ವಾಂಸರು ಇದನ್ನು ಹನ್ನೊಂದನೆಯ ಶತಮಾನದ ಸೋಲಂಕಿ ಕಾಲದ್ದೆಂದು ನಿರ್ಣಯಿಸಿದ್ದಾರೆ. ಅಹಮದ್ ಶಾಹನು 1411ರಲ್ಲಿ ತನ್ನ ನಗರವನ್ನು ಸ್ಥಾಪಿಸುವುದಕ್ಕೆ ಮೂರು ಶತಮಾನಗಳಿಗೂ ಹಿಂದೆ ಇಲ್ಲಿ ಆಶಾಪಲ್ಲಿ ಎಂಬ ಊರಿತ್ತು. ಅಣಹಿಲಪಾಟಣದ ಸೋಲಂಕಿ ಅರಸ ಕರ್ಣನು ಅಲ್ಲಿಯ ಭಿಲ್ಲರ ನಾಯಕನನ್ನು ಗೆದ್ದು, ಅದರ ಬಳಿಯಲ್ಲೇ ಕರ್ಣಾವತಿ ಎಂಬ ಪಟ್ಟಣವನ್ನು ನೆಲೆಗೊಳಿಸಿದನು. ಆ ಕರ್ಣನ ರಾಣಿಯೇ ನಮ್ಮ ಪ್ರಸ್ತುತದ ಮಯಣಲ್ಲಾದೇವಿ; ಗುಜರಾತಿನ ಜನರ ಬಾಯಲ್ಲಿ ಮೀನಳದೇವಿ.

ಹೊರನಾಡಿಗೆ ಬಂದು ನೆಲೆಸಿದ ಕನ್ನಡಿಗನಿಗೆ ಈ ಹೆಸರೂ ಇದರ ಹಿಂದಿನ ಕಥೆಯೂ ಕಿವಿಗೆ ಬಿದ್ದಾಗ “ಇವಳು ನಮ್ಮವಳು” ಎನ್ನಬೇಕೆಂಬ ಆಸೆ ಹುಟ್ಟುವುದು ಸಹಜವೇ. ನನಗೂ ಹುಟ್ಟಿತ್ತು. ಆ ಮಾತನ್ನು ಎಷ್ಟರ ಮಟ್ಟಿಗೆ ಆಡಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕೊಂಚ ವಿಚಾರಿಸಿ ನೋಡಬೇಕೆಂಬುದೇ ಈ ಬರಹದ ಉದ್ದೇಶ.

ಕರ್ಣಾಟಕದವರು ಈ ಸೀಮೆಗೆ ಬಂದದ್ದು ಮೀನಳದೇವಿಯಿಂದಲೇ ಮೊದಲಾಗಲಿಲ್ಲ. ಬಾದಾಮಿಯ ಚಾಲುಕ್ಯರ ಒಂದು ಶಾಖೆ ನವಸಾರಿಯಿಂದ ಲಾಟದೇಶವನ್ನು ಆಳುತ್ತಿತ್ತು. ಅರಬರ ದಂಡನ್ನು ತಡೆದು ಹಿಮ್ಮೆಟ್ಟಿಸಿದ ಅವನಿಜನಾಶ್ರಯ ಪುಲಕೇಶಿಯ ಕೀರ್ತಿಯನ್ನು 739ರ ನವಸಾರಿಯ ತಾಮ್ರಪಟ ಹೇಳುತ್ತದೆ. ಅವರ ತರುವಾಯ ರಾಷ್ಟ್ರಕೂಟರ ಶಾಖೆ ಬಂದಿತು. ಈ ಶಾಖೆಯ ಕರ್ಕ ಸುವರ್ಣವರ್ಷನು 812ರಲ್ಲಿ ವಲಭಿಯಿಂದ ಬಂದ ಬ್ರಾಹ್ಮಣನೊಬ್ಬನಿಗೆ ವಡಪದ್ರಕ ಎಂಬ ಹಳ್ಳಿಯನ್ನು ದಾನಮಾಡಿದನು. ಆ ಹಳ್ಳಿಯೇ ಇಂದಿನ ವಡೋದರಾ! ಅಂದರೆ ಈ ಮಹಾನಗರದ ಹೆಸರು ಇತಿಹಾಸದಲ್ಲಿ ಮೊದಲು ಕಾಣಿಸಿಕೊಳ್ಳುವುದು ಮಾನ್ಯಖೇಟದ ಅರಸರ ದಾಯಾದಿಯೊಬ್ಬನ ದಾನಪತ್ರದಲ್ಲಿ. ಇನ್ನೂ ಕುತೂಹಲದ ಸಂಗತಿಯೊಂದನ್ನು ಅನಂತ ಸದಾಶಿವ ಆಳ್ತೇಕರರು 1934ರ ತಮ್ಮ ರಾಷ್ಟ್ರಕೂಟ ಗ್ರಂಥದಲ್ಲಿ ಎತ್ತಿ ತೋರಿಸಿದರು. ಈ ಶಾಖೆಯ ಕೆಲವು ಪಟಗಳಲ್ಲಿ ಒಕ್ಕಣೆಯೆಲ್ಲ ಈ ಸೀಮೆಯ ಲಿಪಿಯಲ್ಲಿದ್ದು, ಅರಸನ ಸಹಿ ಮಾತ್ರ ಹಳೆಯ ಕನ್ನಡ ಲಿಪಿಯಲ್ಲಿದೆ. ಪರದೇಶದಲ್ಲಿ ಕಚೇರಿಯ ಕಾಗದಪತ್ರಗಳನ್ನೆಲ್ಲ ಅಲ್ಲಿಯ ಭಾಷೆಯಲ್ಲಿ ನಡೆಸಿ, ಹೆಸರು ಬರೆಯುವಾಗ ಮಾತ್ರ ಕೈ ತಾನಾಗಿ ತಾಯ್ನಾಡಿನ ಅಕ್ಷರಕ್ಕೆ ಹೊರಳುವ ಅನುಭವ ನಮ್ಮಲ್ಲಿ ಯಾರಿಗಿಲ್ಲ?

ಆದರೆ ಇವರೆಲ್ಲ ಆಳಲು ಬಂದವರು. ಆಳಿಕೆ ಮುಗಿದ ಮೇಲೆ ಅವರ ಹೆಸರು ತಾಮ್ರದ ತಗಡಿನಲ್ಲಿ ಉಳಿಯಿತೇ ಹೊರತು ಜನರ ನಾಲಗೆಯಲ್ಲಿ ಉಳಿಯಲಿಲ್ಲ. ವಡೋದರಾದ ಪೇಟೆಯಲ್ಲಿ ಕರ್ಕನ ಹೆಸರನ್ನು ಕೇಳಿದರೆ ಉತ್ತರ ಹೇಳುವವರು ಸಿಗಲಾರರು. ಮೀನಳದೇವಿಯ ಹೆಸರನ್ನು ಹೇಳಿದರೆ ಧೋಲಕಾದ ರೈತನೂ ತಲೆದೂಗುತ್ತಾನೆ. ಈ ವ್ಯತ್ಯಾಸ ಎಲ್ಲಿಂದ ಬಂದಿತು?

ಮೊದಲು ಅವಳ ತವರಿನ ಮಾತು. ಅವಳ ತಂದೆ ಗೋವೆಯ ಕದಂಬರ ಒಂದನೆಯ ಜಯಕೇಶಿ. ಆಳಿದ್ದು ಹನ್ನೊಂದನೆಯ ಶತಮಾನದ ನಡುವಿನ ದಶಕಗಳಲ್ಲಿ. ಚಂದ್ರಪುರದಿಂದ, ಅಂದರೆ ಇಂದಿನ ಚಾಂದೋರಿನಿಂದ, ಗೋಪಕಪಟ್ಟಣದ ಬಂದರಿಗೆ ರಾಜಧಾನಿಯನ್ನು ತಂದವನು ಇವನೇ. ಈ ಮನೆತನವು ಕಡಲ ಕರೆಯ ಕೊಂಕಣದ ಜೊತೆಗೆ ಘಟ್ಟದ ಮೇಲಣ ಹಲಸಿಗೆಯ ನಾಡನ್ನೂ ಆಳಿತು. ಅವರ ಶಾಸನಗಳು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಇವೆ. ಬೆಳಗಾವಿ ಜಿಲ್ಲೆಯ ಹಲಸಿ ಮತ್ತು ದೇಗಾಂವೆಯ ಗುಡಿಗಳನ್ನು ಕಂಡವರಿಗೆ ಈ ವಂಶದ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ. ಜಯಕೇಶಿಯ ಮೊಮ್ಮಗ ಎರಡನೆಯ ಜಯಕೇಶಿ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಲದೇವಿಯನ್ನು ಮದುವೆಯಾದನು. ಆದುದರಿಂದ ಈ ಮನೆತನ ಕರ್ಣಾಟಕದ ರಾಜಕಾರಣದ ಒಳಮನೆಯಲ್ಲಿಯೇ ಇತ್ತೆನ್ನಲು ಅಡ್ಡಿಯಿಲ್ಲ. ಮೇರುತುಂಗನಂತೂ ಜಯಕೇಶಿಯನ್ನು ಕರ್ಣಾಟದ ಅರಸನೆಂದೇ ಕರೆಯುತ್ತಾನೆ. ಹಾಗೆಂದು ಕೊಂಕಣದವರು ಬಂದು “ಇವಳು ಹುಟ್ಟಿದ್ದು ನಮ್ಮ ಕಡಲ ದಂಡೆಯಲ್ಲಿ” ಎಂದರೆ ನಾವು ಜಗಳಕ್ಕೆ ನಿಲ್ಲುವ ಹಾಗಿಲ್ಲ. ಆ ಮಾತಿಗೂ ಅಷ್ಟೇ ಆಧಾರವುಂಟು.

ಹೆಸರಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಮಯಣಲ್ಲಾ ಎಂಬಲ್ಲಿ ನಮ್ಮ ‘ನಲ್ಲೆ’ ಅಡಗಿದ್ದಾಳೆಂದು ಹೇಳುವ ಆಸೆ ಕನ್ನಡದ ಕಿವಿಗೆ ಆಗದಿರದು. ಆದರೆ ಸಂಸ್ಕೃತದ ‘ಮದನ’ ಪ್ರಾಕೃತದಲ್ಲಿ ‘ಮಯಣ’ ಎಂದಾಗುವುದೆಂಬುದನ್ನು ಬಲ್ಲವರು ಇಷ್ಟಕ್ಕೆ ಮೋಸಹೋಗಲಾರರು. ಪಾಟಣದ ಜೈನ ವಿದ್ವಾಂಸರ ಲೇಖನಿಯಿಂದ ಬಂದ ರೂಪವದು. ತವರುಮನೆಯಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ಆ ರೂಪದಿಂದ ಎಳೆದು ತೆಗೆಯಲು ಬಾರದು.

ಅವಳು ಗುಜರಾತಿಗೆ ಬಂದ ಬಗೆಯನ್ನು ಹೇಳುವವರು ಮುಖ್ಯವಾಗಿ ಇಬ್ಬರು. ಮೊದಲನೆಯವನು ಹೇಮಚಂದ್ರಾಚಾರ್ಯ. ರಾಣಿಯ ಮಗ ಸಿದ್ಧರಾಜ ಜಯಸಿಂಹನ ಆಸ್ಥಾನದ ಈ ಮಹಾಪಂಡಿತನು ತನ್ನ ದ್ವ್ಯಾಶ್ರಯ ಕಾವ್ಯದಲ್ಲಿ ಕಥೆಯನ್ನು ಚಿತ್ರದಿಂದ ಮೊದಲುಮಾಡುತ್ತಾನೆ. ಕರ್ಣನ ಸಭೆಗೆ ದಕ್ಷಿಣದಿಂದ ಒಬ್ಬ ಚಿತ್ರಕಾರ ಬರುತ್ತಾನೆ. ರಾಜಕುಮಾರಿಯ ಚಿತ್ರಪಟವನ್ನು ಅರಸನ ಮುಂದೆ ಬಿಡಿಸುತ್ತಾನೆ. ಇವಳು ಚಂದ್ರಪುರದ ಕದಂಬ ಜಯಕೇಶಿಯ ಮಗಳು, ನಿಮ್ಮ ಚಿತ್ರವನ್ನು ಕಂಡು ಮನಸ್ಸು ಕೊಟ್ಟಿದ್ದಾಳೆ, ನಮ್ಮ ಅರಸರು ಆನೆಯೊಂದನ್ನು ಕಾಣಿಕೆಯಾಗಿ ಕಳುಹಿಸಿದ್ದಾರೆ ಎಂದು ಬಿನ್ನವಿಸುತ್ತಾನೆ. ಆನೆಯನ್ನು ನೋಡಲು ಹೋದ ಕರ್ಣನು ಉದ್ಯಾನದಲ್ಲಿ ರಾಜಕುಮಾರಿಯನ್ನೇ ಕಾಣುತ್ತಾನೆ. ಎರಡನೆಯವನು ಮೇರುತುಂಗ. ವಿಕ್ರಮಶಕ 1361ರಲ್ಲಿ, ಎಂದರೆ ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ, ವಢವಾಣದಲ್ಲಿ ಮುಗಿಸಿದ ಪ್ರಬಂಧಚಿಂತಾಮಣಿಯಲ್ಲಿ ಅವನು ಹೇಳುವ ಕಥೆಯ ಬಣ್ಣವೇ ಬೇರೆ. ಕನ್ಯೆ ತಾನಾಗಿ ಹೊರಟುಬರುತ್ತಾಳೆ. ಅವಳ ಕುರೂಪವನ್ನು ಕಂಡು ಕರ್ಣ ಒಲ್ಲೆನೆನ್ನುತ್ತಾನೆ. ಅವಳು ಎಂಟು ಜನ ಸಖಿಯರೊಡನೆ ಪ್ರಾಣಬಿಡಲು ಸಿದ್ಧಳಾಗುತ್ತಾಳೆ. ಕರ್ಣನ ತಾಯಿ ಉದಯಮತಿಯೂ ತಾನೂ ಸಾಯುವೆನೆಂದು ಹಟಹಿಡಿದ ಮೇಲೆ ಅರಸ ಬಲವಂತಕ್ಕೆ ಕೈಹಿಡಿಯುತ್ತಾನೆ. ಗಂಡಹೆಂಡಿರನ್ನು ಕೂಡಿಸಲು ಮಂತ್ರಿ ಮುಂಜಾಲನ ಉಪಾಯವೇ ಬೇಕಾಯಿತಂತೆ.

ಒಬ್ಬನಿಗೆ ಸುಂದರಿ, ಇನ್ನೊಬ್ಬನಿಗೆ ಕುರೂಪಿ. ಅರಸನ ತಾಯಿಯನ್ನು ಸುಂದರಿಯೆನ್ನದೆ ಹೇಮಚಂದ್ರನಿಗೆ ಗತ್ಯಂತರವಿರಲಿಲ್ಲ. ಕುರೂಪಿಯೆನ್ನದಿದ್ದರೆ ಮೇರುತುಂಗನ ಕಥೆ ಮುಂದೆ ಸಾಗುತ್ತಿರಲಿಲ್ಲ. ಎರಡರಲ್ಲಿಯೂ ಅವಳ ಮುಖ ನಮಗೆ ಕಾಣದು. (ಮೇರುತುಂಗನ ಕಥನಶಕ್ತಿ ಎಂಥದೆಂದರೆ, ಜಯಕೇಶಿಯು ತನ್ನ ಮೆಚ್ಚಿನ ಗಿಳಿಯನ್ನು ಬೆಕ್ಕು ಕೊಂದಿತೆಂದು, ಕೊಟ್ಟ ಮಾತಿಗೆ ತಪ್ಪದೆ ಆ ಗಿಳಿಯೊಡನೆ ಚಿತೆಯೇರಿದನೆಂದೂ ಅವನೇ ಹೇಳುತ್ತಾನೆ. ಕದಂಬರ ಶಾಸನಗಳನ್ನು ಓದಿದವರು ಇದನ್ನು ನಂಬಲು ಹಿಂಜರಿಯುವರು. ಮಕ್ಕಳಿಗೆ ಹೇಳಲು ಮಾತ್ರ ಒಳ್ಳೆಯ ಕಥೆ.) ಚಿತ್ರಪಟವನ್ನೂ ಗಿಳಿಯನ್ನೂ ಬದಿಗಿಟ್ಟು ನೋಡಿದರೆ, ಮದುವೆಯ ಹಿಂದೆ ರಾಜಕಾರಣದ ಲೆಕ್ಕಾಚಾರವೂ ಇದ್ದಿರಬೇಕೆಂದು ನನಗೆ ತೋರುತ್ತದೆ. ಕರ್ಣನ ಅಧಿಕಾರ ನವಸಾರಿಯವರೆಗೆ ಇಳಿದಿತ್ತೆಂಬುದಕ್ಕೆ 1074ರ ಅವನ ದಾನಪಟ ಸಾಕ್ಷಿ. ಗೋವೆಯ ಜಯಕೇಶಿಯಾದರೋ ಉತ್ತರ ಕೊಂಕಣದ ಶಿಲಾಹಾರ ಅರಸನನ್ನು ಕೊಂದವನೆಂದು ಅವನ ವಂಶದ ಶಾಸನಗಳು ಹೊಗಳುತ್ತವೆ. ನಡುವೆ ಸಿಕ್ಕಿಬಿದ್ದ ಶಿಲಾಹಾರರ ಎರಡು ಮಗ್ಗುಲಿನ ಎರಡು ಬಲಗಳು ನೆಂಟಸ್ತಿಕೆ ಬೆಳೆಸಿದ್ದರಲ್ಲಿ ಅಚ್ಚರಿಯೇನಿದೆ?

ಹಾಗಿದ್ದರೂ ಮೇರುತುಂಗನ ಕಥೆಯಲ್ಲಿ ನಾವು ತಳ್ಳಿಹಾಕಬಾರದ ಒಂದು ಎಳೆಯುಂಟು. ಅವನ ಪ್ರಕಾರ ಮಯಣಲ್ಲೆಗೆ ಸೋಮನಾಥನ ಹೆಸರು ಕಿವಿಗೆ ಬಿದ್ದೊಡನೆ ಪೂರ್ವಜನ್ಮದ ಸ್ಮರಣೆಯಾಯಿತು. ಆ ಜನ್ಮದಲ್ಲಿ ಅವಳು ಬಡ ಬ್ರಾಹ್ಮಣಿ. ಸೋಮೇಶ್ವರನ ಯಾತ್ರೆಗೆ ಹೊರಟು ಬಾಹುಲೋಡವೆಂಬ ಸುಂಕದ ಕಟ್ಟೆಗೆ ಬಂದಾಗ ಯಾತ್ರಿಕರ ತೆರಿಗೆಯನ್ನು ಕೊಡಲಾರದೆ, ಮುಂದೆ ಹೋಗಲು ಅಪ್ಪಣೆಯಿಲ್ಲದೆ, “ಮುಂದಿನ ಜನ್ಮದಲ್ಲಿ ಈ ಸುಂಕವನ್ನು ಬಿಡಿಸುವವಳಾಗಲಿ” ಎಂದು ಸಂಕಲ್ಪಮಾಡಿ ಅಲ್ಲಿಯೇ ಸತ್ತಿದ್ದಳು. ರಾಜಮಾತೆಯಾದ ಬಳಿಕ ಅವಳು ಸೋಮನಾಥಕ್ಕೆ ಹೊರಟಾಗ, ಅದೇ ಕಟ್ಟೆಯಲ್ಲಿ ಬಡಯಾತ್ರಿಕರು ಅಳುತ್ತ ಹಿಂದಿರುಗುವುದನ್ನು ಕಂಡು ತಾನೂ ಹಿಂದಿರುಗಿದಳು. ಸಿದ್ಧರಾಜನು ಕಾರಣವನ್ನು ಕೇಳಿ ತಿಳಿದು, ಎಪ್ಪತ್ತೆರಡು ಲಕ್ಷ ಹುಟ್ಟುವಳಿಯ ಆ ಸುಂಕದ ಪತ್ರವನ್ನು ಹರಿದುಹಾಕಿದನಂತೆ. ಅಂಕಿಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಪೂರ್ವಜನ್ಮವನ್ನಂತೂ ಇತಿಹಾಸಕಾರನು ಒಪ್ಪುವಂತಿಲ್ಲ. ಆದರೆ ಗೋವೆಯ ಹುಡುಗಿಗೆ ಸೋಮನಾಥದ ಯಾತ್ರಿಕರ ಕಷ್ಟ ಗೊತ್ತಿರಲು ಪೂರ್ವಜನ್ಮದ ಹಂಗೇನೂ ಬೇಕಿರಲಿಲ್ಲ. ಅವಳ ಮನೆತನದ ಹಿರಿಯ ಅರಸ ಗುಹಲ್ಲದೇವನು ಸೋಮನಾಥನ ದರ್ಶನಕ್ಕೆಂದು ಹಡಗಿನಲ್ಲಿ ಹೊರಟು, ನಡುಗಡಲಿನಲ್ಲಿ ಕೂವೆಯ ಮರ ಮುರಿದು, ಗೋಪಕದ ಬಂದರಿನಲ್ಲಿ ಆಶ್ರಯ ಪಡೆದನೆಂದೂ, ಆಗ ಅವನಿಗೆ ನೆರವಾದವನು ಮದುಮದನೆಂಬ ತಾಜಿಕ, ಎಂದರೆ ಅರಬ್ಬೀ ಮೂಲದ, ವರ್ತಕನೆಂದೂ ಕದಂಬರ ತಾಮ್ರಪಟವೇ ಹೇಳುತ್ತದೆ. ಜಾರ್ಜ್ ಮೊರಾಯಿಸರು 1931ರಲ್ಲಿ ಪ್ರಕಟಿಸಿದ ‘ಕದಂಬ ಕುಲ’ವನ್ನು ಓದಿದವರಿಗೆ ಇದು ಹೊಸದಲ್ಲ. ಅಜ್ಜಂದಿರ ಯಾತ್ರೆಯ ಮಾತು ಅರಮನೆಯಲ್ಲಿ ಮನೆಮಾತಾಗಿದ್ದೀತು. ಪ್ರಬಂಧಕಾರನ ಪೂರ್ವಜನ್ಮದ ಕಥೆ ಆ ನೆನಪಿನದೇ ಕಾವ್ಯರೂಪವೋ ಏನೋ. ಇದು ನನ್ನ ಊಹೆಯೆಂದು ಓದುಗರು ತಿಳಿಯಬೇಕು.

ಈ ಕಡಲದಾರಿ ಎಷ್ಟು ರೂಢಿಯದಾಗಿತ್ತೆಂಬುದಕ್ಕೆ ಇನ್ನೊಬ್ಬ ಪ್ರವಾಸಿಯನ್ನು ಸಾಕ್ಷಿಗೆ ಕರೆಯಬಹುದು. ಕಾಶ್ಮೀರದ ಬಿಲ್ಹಣನು ಊರೂರು ತಿರುಗುತ್ತ ಪಾಟಣಕ್ಕೆ ಬಂದು, ಕರ್ಣನನ್ನೇ ನಾಯಕನಾಗಿಸಿ ಕರ್ಣಸುಂದರಿ ಎಂಬ ನಾಟಿಕೆಯನ್ನು ಬರೆದನು. ಅದರ ನಾಯಿಕೆ ವಿದ್ಯಾಧರಕನ್ಯೆ. ಆ ಮರೆಯಲ್ಲಿ ಮಯಣಲ್ಲೆಯೇ ಇದ್ದಾಳೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಗುಜರಾತಿನವರ ಉಡುಗೆ ನಡೆಗಳು ಅವನಿಗೆ ಹಿಡಿಸಲಿಲ್ಲ. ಸೋಮನಾಥನನ್ನು ಕಂಡು, ಹಡಗು ಹತ್ತಿ ದಕ್ಷಿಣಕ್ಕೆ ಇಳಿದು, ಕೊನೆಗೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ವಿದ್ಯಾಪತಿಯಾದನು. ಅವಳು ಬಂದ ದಿಕ್ಕಿಗೆ ಇವನು ಹೋದನು. ನಮಗೆ ವಿಕ್ರಮಾಂಕದೇವಚರಿತ ಸಿಕ್ಕಿತು. ಗುಜರಾತಿಗೆ ಸಿದ್ಧರಾಜ ಸಿಕ್ಕಿದನು!

ಇನ್ನು ಕೆರೆಗಳ ಮಾತು. ಅಹಮದಾಬಾದಿನ ಪಶ್ಚಿಮಕ್ಕಿರುವ ವೀರಮಗಾಮದಲ್ಲಿ ಮುನಸರ ಎಂಬ ಕೆರೆಯುಂಟು. ಮೀನಳಸರವೇ ಮುನಸರವಾಯಿತೆಂದು ಸ್ಥಳದವರು ಹೇಳುತ್ತಾರೆ. ಶಂಖದಾಕಾರದ ಈ ಕೆರೆಯ ಸುತ್ತ ಕಲ್ಲಿನ ಸೋಪಾನಗಳು. ಅವುಗಳ ಮೇಲೆ ಸಾಲುಗಟ್ಟಿ ನಿಂತ ಚಿಕ್ಕಚಿಕ್ಕ ಗುಡಿಗಳು. ಮೊದಲು ಇವು ನೂರಾರಿದ್ದವು. ಎಷ್ಟೋ ಹಾಳಾಗಿ ಹೋಗಿವೆ. ಒಂದು ಬದಿಯವು ಶಿವನಿಗೆ, ಇನ್ನೊಂದು ಬದಿಯವು ಕೃಷ್ಣನಿಗೆ ಎಂದು ಒಳಗಿನ ಪೀಠಗಳನ್ನು ನೋಡಿದ ಹಳೆಯ ಗೆಝೆಟಿಯರಿನವರು ಬರೆದಿದ್ದಾರೆ. ನನಗೆ ಗುಡಿಗಳಿಗಿಂತ ಹೆಚ್ಚು ಹಿಡಿಸಿದ್ದು ನೀರು ಒಳಬರುವ ಏರ್ಪಾಡು. ಸುತ್ತಲಿನ ಹೊಲಗಳಿಂದ ಹರಿದುಬಂದ ಮಳೆಯ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಮೊದಲು ಎಂಟು ಮೂಲೆಯ ಕಲ್ಲಿನ ಕುಂಡಕ್ಕೆ ಇಳಿದು, ಹೊತ್ತುತಂದ ಹೂಳನ್ನು ಅಲ್ಲಿ ಬಿಟ್ಟು, ತಿಳಿಯಾದ ಮೇಲೆ ಕಲ್ಲಿನ ಕಾಲುವೆ ಮತ್ತು ದುಂಡನೆಯ ತೂಬುಗಳ ಮೂಲಕ ಒಳಗೆ ಸಾಗುತ್ತದೆ. ಸಿದ್ಧರಾಜನು ಪಾಟಣದಲ್ಲಿ ಸರಸ್ವತೀ ನದಿಯ ನೀರನ್ನು ತಿರುಗಿಸಿ ಕಟ್ಟಿಸಿದ ಸಹಸ್ರಲಿಂಗ ತಟಾಕದಲ್ಲಿಯೂ ಇದೇ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಕಾಣಬಹುದು. ಸೌರಾಷ್ಟ್ರದ ವೀರಪುರದಲ್ಲಿಯೂ ಮೀನಳದೇವಿಯ ಹೆಸರಿನದೊಂದು ವಾವ್ ಇದೆ.

ಈ ಗುಡಿಸಾಲುಗಳನ್ನು ನೋಡಿದ ಕನ್ನಡಿಗನಿಗೆ ಲಕ್ಕುಂಡಿಯ ಮುಸುಕಿನ ಬಾವಿ ಥಟ್ಟನೆ ನೆನಪಾಗುವುದು. ಮಾಣಿಕೇಶ್ವರ ಗುಡಿಯ ಮುಂದಿನ ಆ ಬಾವಿಯಲ್ಲಿಯೂ ಮೆಟ್ಟಿಲುಗಳ ನಡುನಡುವೆ ಪುಟ್ಟ ಗೂಡುಗುಡಿಗಳಿವೆ. ಅದೂ ಕಲ್ಯಾಣದ ಚಾಲುಕ್ಯರ ಕಾಲದ್ದು. ಹಾಗಾದರೆ ರಾಣಿಯು ತವರಿನಿಂದ ಈ ಕಲ್ಪನೆಯನ್ನು ತಂದಳೆ? ನಾನೂ ಒಂದು ಕಾಲಕ್ಕೆ ಹಾಗೆಯೇ ನಂಬಿ, ಗೆಳೆಯರ ಮುಂದೆ ಹೆಮ್ಮೆಯಿಂದ ವಾದಿಸಿದ್ದುಂಟು. ಮೊಢೇರಾಕ್ಕೆ ಹೋಗಿಬಂದ ದಿನ ಆ ವಾದ ಮುಗಿಯಿತು. ಅಲ್ಲಿಯ ಸೂರ್ಯದೇವಾಲಯದ ಕುಂಡದಲ್ಲಿ ಇಂಥ ಗುಡಿಗಳು ಮೆಟ್ಟಿಲುಮೆಟ್ಟಿಲಿಗೂ ಇವೆ. ಅದು ಕರ್ಣನ ತಂದೆ ಒಂದನೆಯ ಭೀಮನ ಕಾಲದ್ದು, 1026-27ರ ಸುಮಾರಿನದು. ಮಯಣಲ್ಲೆ ಆಗ ಹುಟ್ಟಿಯೂ ಇರಲಾರಳು. ಅವಳ ಅತ್ತೆ ಉದಯಮತಿಯಾದರೋ ಪಾಟಣದಲ್ಲಿ ಕಟ್ಟಿಸಿದಳೆಂದು ಮೇರುತುಂಗನು ಹೇಳುವ ವಾವ್ ಇಂದು ಜಗತ್ತಿಗೇ ಪರಿಚಿತವಾದ ರಾಣೀ ಕೀ ವಾವ್. ಶತಮಾನಗಳ ಕಾಲ ಹೂಳಿನಲ್ಲಿ ಮುಳುಗಿದ್ದ ಸುಮಾರು 65 ಮೀಟರು ಉದ್ದದ ಆ ಶಿಲ್ಪಸಾಗರವನ್ನು 1980ರ ದಶಕದಲ್ಲಿ ಪೂರ್ತಿಯಾಗಿ ಬಿಡಿಸಿ ತೆಗೆದರು. 2014ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. 2018ರ ನೂರು ರೂಪಾಯಿಯ ನೋಟಿನ ಮೇಲೆ ಅಚ್ಚಾಯಿತು. ಅಂಥ ಅತ್ತೆಯ ಮನೆಗೆ ಬಂದ ಸೊಸೆ ನೀರಿನ ಕಟ್ಟಡವನ್ನು ಕಲಿಯಲು ತವರಿಗೆ ಹೋಗಬೇಕಾಗಿರಲಿಲ್ಲ. ಮುನಸರದ ಕಲ್ಲಿನಲ್ಲಿ ಕನ್ನಡದ್ದೆನ್ನುವಂಥದು ಏನೂ ಇಲ್ಲ. ಅದು ಸಂಪೂರ್ಣವಾಗಿ ಗುರ್ಜರಶಿಲ್ಪ. ಅವಳು ಬಂದ ನಾಡಿನ ಕಲೆಯನ್ನು ಆ ನಾಡಿನ ಶಿಲ್ಪಿಗಳ ಕೈಯಿಂದಲೇ ಮಾಡಿಸಿದಳು. ಆದುದರಿಂದಲೇ ಅವಳ ಹೆಸರು ಇಲ್ಲಿ ಪರಕೀಯಳ ಹೆಸರಾಗಿ ಉಳಿಯಲಿಲ್ಲವೆಂದು ನನ್ನ ಎಣಿಕೆ. ಕರ್ಕನ ಸಹಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು.

ಕೆರೆಯೆಂದ ಮೇಲೆ ಅಗೆದವರ ಮಾತು ಬಾರದಿದ್ದರೆ ನ್ಯಾಯವಲ್ಲ. ಸಹಸ್ರಲಿಂಗವನ್ನು ಅಗೆಯಲು ಬಂದವರು ಒಡ ಜನ. ನಮ್ಮ ನಾಡಿನ ಒಡ್ಡರ ಹೆಸರೂ ಕಸುಬೂ ಇದೇ ಆಗಿರುವುದನ್ನು ಓದುಗರು ಗಮನಿಸಬೇಕು. ಆ ಗುಂಪಿನ ಜಸಮಾ ಎಂಬವಳ ಮೇಲೆ ಸಿದ್ಧರಾಜನ ಕಣ್ಣು ಬಿದ್ದು, ಅವಳು ಅರಸನಿಗೆ ವಶಳಾಗದೆ, ಈ ಕೆರೆಯಲ್ಲಿ ನೀರು ನಿಲ್ಲದಿರಲೆಂದು ಶಪಿಸಿ ಪ್ರಾಣಬಿಟ್ಟಳಂತೆ. ಬಳಿಕ ಮಾಯೋ ಎಂಬ ಹೊಲೆಯರ ಯುವಕ ಬಲಿಯಾದ ಮೇಲೆ ನೀರು ಬಂದಿತೆಂದು ಮುಂದಿನ ಐತಿಹ್ಯ. ನಮ್ಮ ‘ಕೆರೆಗೆ ಹಾರ’ದ ಭಾಗೀರಥಿಯನ್ನು ಬಲ್ಲವರಿಗೆ ಈ ಕಥೆ ಎದೆಗೆ ತಟ್ಟದಿರದು. ಗುಜರಾತಿನ ಪ್ರಬಂಧಗಳು ಸಿದ್ಧರಾಜನನ್ನು ಆಕಾಶಕ್ಕೇರಿಸಿವೆ. ಭವಾಯಿ ಆಟದವರು ಮಾತ್ರ ಜಸಮೆಯ ವೇಷವನ್ನು ಕಟ್ಟಿ ಊರೂರಿನಲ್ಲಿ ಅವನ ತಪ್ಪನ್ನು ಆಡಿ ತೋರಿಸಿದರು. ಮಗನ ಕೆರೆಗೆ ಶಾಪದ ಕಥೆ, ತಾಯಿಯ ಕೆರೆಗೆ ನ್ಯಾಯದ ಕಥೆ. ಜನರ ಲೆಕ್ಕಪುಸ್ತಕ ಹೀಗಿದೆ.

ಆ ನ್ಯಾಯದ ಕಥೆ ಧೋಲಕಾದ ಮಲಾವ ಕೆರೆಯದು. ರಾಣಿಯು ಕೆರೆಯನ್ನು ಕಟ್ಟಿಸುವಾಗ ಪೂರ್ವದ ಬದಿಯಲ್ಲಿ ಒಬ್ಬ ಹೆಂಗಸಿನ ಮನೆ ಅಡ್ಡಬಂದಿತು. ಅವಳು ಗಣಿಕೆಯೆಂದು ಕೆಲವರು, ಬಡ ಮುದುಕಿಯೆಂದು ಕೆಲವರು. ಬೇಕಾದಷ್ಟು ಹಣ ಕೊಡುವೆವೆಂದರೂ ಮನೆಯನ್ನು ಬಿಡಲೊಲ್ಲೆನೆಂದಳು. ರಾಣಿಯ ಅಧಿಕಾರಿಗಳು ಕೆಡವಬಹುದಿತ್ತು, ರಾಣಿ ಬೇಡವೆಂದಳು. ಕೆರೆಯ ಆಕಾರ ಅಷ್ಟರ ಮಟ್ಟಿಗೆ ಕೆಟ್ಟಿತು, ಮನೆ ಉಳಿಯಿತು. “ನ್ಯಾಯವನ್ನು ನೋಡಬೇಕಾದರೆ ಮಲಾವವನ್ನು ನೋಡು” ಎಂಬ ಗಾದೆ ಗುಜರಾತಿಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಈ ಕೆರೆಯನ್ನೂ ಮುನಸರವನ್ನೂ ಮೀನಳದೇವಿಗೆ ಸೇರಿಸುವುದು ಐತಿಹ್ಯವೇ ಹೊರತು ಶಾಸನವಲ್ಲ. ಇತಿಹಾಸದ ಪತ್ರಿಕೆಯಲ್ಲಿ ಇದನ್ನು ಮುಚ್ಚಿಡಬಾರದು. ಆದರೆ ಒಂದು ನಾಡಿನ ಜನ ತಮ್ಮ ಭಾಷೆಯಲ್ಲಿ ನ್ಯಾಯಕ್ಕೆ ದೃಷ್ಟಾಂತವನ್ನು ಹುಡುಕುವಾಗ ಪರನಾಡಿನಿಂದ ಬಂದ ಸೊಸೆಯನ್ನು ಆರಿಸಿಕೊಂಡರೆಂಬುದು ಶಾಸನಕ್ಕಿಂತ ಕಡಿಮೆಯ ಸಾಕ್ಷಿಯಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಅವಳ ಚಿತ್ರ ಮತ್ತೊಮ್ಮೆ ಬದಲಾಯಿತು. ಕನ್ಹೈಯಾಲಾಲ ಮುನಶಿಯವರು 1916ರಲ್ಲಿ ಬರೆದ ‘ಪಾಟಣನೀ ಪ್ರಭುತಾ’ ಕಾದಂಬರಿಯಲ್ಲಿ ಅವಳು ಅಧಿಕಾರದ ಹಂಬಲದ, ಮಂತ್ರಿ ಮುಂಜಾಲನಲ್ಲಿ ಮನಸ್ಸಿಟ್ಟ ಚಂದ್ರಪುರದ ರಾಜಕನ್ಯೆ. ಓದುಬರಹ ಬಲ್ಲ ಗುಜರಾತಿಗಳೊಡನೆ ಮಾತಾಡಿದಾಗ ಎದುರಾಗುವವಳು ಬಹುಮಟ್ಟಿಗೆ ಈ ಮೀನಳ. ಕಾದಂಬರಿ ಸೊಗಸಾದುದೇ, ಆದರೆ ಇತಿಹಾಸವನ್ನು ಅದರಿಂದ ಕಲಿಯಬಾರದು. ಧೋಲಕಾದ ರೈತನ ಮೀನಳದೇವಿಗೆ ಕಾದಂಬರಿಯ ಹಂಗಿಲ್ಲ.

ನಮ್ಮ ಸದಸ್ಯರಲ್ಲಿ ಕ್ಯಾಮರಾ ಹಿಡಿಯಬಲ್ಲವರೂ ನಕ್ಷೆ ಬರೆಯಬಲ್ಲ ಇಂಜಿನಿಯರರೂ ಸಾಕಷ್ಟಿದ್ದಾರೆ. ನರೋಡಾದಿಂದ ಬೆಳಿಗ್ಗೆ ಹೊರಟರೆ ಧೋಲಕಾ, ವೀರಮಗಾಮಗಳೆರಡನ್ನೂ ಒಂದೇ ದಿನ ನೋಡಿ ಬರಬಹುದು. ಮುನಸರದಲ್ಲಿ ಉಳಿದಿರುವ ಗುಡಿಗಳ ಒಂದೊಂದರ ಅಳತೆಯನ್ನು ತೆಗೆದು, ಲಕ್ಕುಂಡಿಯ ಬಾವಿಯ ಗೂಡುಗಳ ಅಳತೆಯೊಡನೆ ಇಟ್ಟು ನೋಡುವ ಕೆಲಸವನ್ನು ಯಾರಾದರೂ ಕೈಗೊಂಡರೆ ಈ ಪತ್ರಿಕೆಯಲ್ಲಿ ಅದಕ್ಕೆ ಸ್ಥಳವುಂಟು. ಮಳೆ ಹಿಡಿಯುವುದಕ್ಕೆ ಮುನ್ನ, ನೀರು ಇಳಿದು ಕೆಳಗಿನ ಮೆಟ್ಟಿಲುಗಳು ಕಾಣುವಾಗ ಹೋಗುವುದು ಒಳ್ಳೆಯದು.